ನೆಟ್ಟಗೆ ನಿಲ್ಲದವರು

ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಒಬ್ಬ ಮನುಷ್ಯನ ಚಿತ್ರ ತೆಗೆ ಎಂದರೆ, ಕಾಗದದ ಮೇಲೆ ಮೂಡುವವನು ಸಾಮಾನ್ಯವಾಗಿ ಶಾಲೆಯ ಮೈದಾನದಲ್ಲಿ ‘ಸಾವಧಾನ್’ ಎಂಬ ಆಜ್ಞೆ ಕೇಳಿಸಿಕೊಂಡೇ ಹುಟ್ಟಿರುತ್ತಾನೆ. ಮುಖ ನಮ್ಮ ಕಡೆಗೆ, ತೋಳುಗಳು ಪಕ್ಕೆಗೆ, ಪಾದಗಳು ಒಂದು ಎಡಕ್ಕೆ, ಒಂದು ಬಲಕ್ಕೆ. ಪಕ್ಕದಲ್ಲಿ ಮನೆ, ಹಿಂದೆ ಎರಡು ಗುಡ್ಡ, ಗುಡ್ಡಗಳ ನಡುವೆ ಸೂರ್ಯ. ಇಡೀ ಹಾಳೆಯಲ್ಲಿ ಅಲುಗಾಡುವ ಲಕ್ಷಣವಿರುವುದು ಆಕಾಶದ ಹಕ್ಕಿಗಳಿಗೆ ಮಾತ್ರ. ಇವನು ಓಡಲಿ ಎಂದು ಹೇಳಿ ನೋಡಿ. ಮಗು ಕಾಲೆರಡನ್ನೂ ಅಗಲಿಸಿ ಉಳಿದ ದೇಹವನ್ನು ಇದ್ದ ಹಾಗೆಯೇ ಬಿಡುತ್ತದೆ. ಅವನು ಓಡುವುದಿಲ್ಲ, ಗಟಾರ ದಾಟಲೆಂದು ಕಾಲು ಚಾಚಿ, ಅರ್ಧಕ್ಕೇ ಯೋಚನೆಗೆ ಬಿದ್ದಿರುತ್ತಾನೆ.

ಮಕ್ಕಳಿಗೆ ಇದು ಒಪ್ಪುತ್ತದೆ. ಆದರೆ ಕಾರ್ಟೂನಿನ ಹುಚ್ಚು ಹತ್ತಿಸಿಕೊಂಡ ದೊಡ್ಡವರೂ ಇದನ್ನೇ ಮಾಡುವುದನ್ನು ನಾನು ಧಾರವಾಡದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕಣ್ಣಿನ ರೆಪ್ಪೆ, ಮೀಸೆಯ ತಿರುವು, ಅಂಗಿಯ ಗುಂಡಿ, ಇವುಗಳಿಗೆ ಸಂಜೆಗಟ್ಟಲೆ ವೇಳೆ ಸುರಿಯುವ ಇವರು ಕುತ್ತಿಗೆಯಿಂದ ಕೆಳಗೆ ಏನು ನಡೆದಿದೆ ಎಂಬುದನ್ನು ಮರೆತೇಬಿಡುತ್ತಾರೆ. ಮುಖ ನಗುತ್ತಿರುತ್ತದೆ, ಹೊಟ್ಟೆಗೆ ಆ ಸುದ್ದಿ ತಲುಪಿರುವುದಿಲ್ಲ. ಕಾರ್ಟೂನು ಪಾತ್ರಕ್ಕೆ ಜೀವ ಬರುವುದೂ ಹೋಗುವುದೂ ಬೆನ್ನಿನ ದಾರಿಯಿಂದ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಕಸುಬಿನವರು ಅದಕ್ಕೆ ‘ಲೈನ್ ಆಫ್ ಆ್ಯಕ್ಷನ್’ ಎನ್ನುತ್ತಾರೆ. ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಪ್ರೆಸ್ಟನ್ ಬ್ಲೇರ್ 1940ರ ದಶಕದಲ್ಲಿ ಹೊರತಂದ ಕೈಪಿಡಿಯಿಂದಾಗಿ ಈ ಮಾತು ಜಗತ್ತಿನ ಎಲ್ಲ ಹವ್ಯಾಸಿಗಳ ಬಾಯಿಗೂ ಬಂತು. ತಲೆ, ಕೈ, ಕಾಲು ಯಾವುದನ್ನೂ ಬರೆಯುವ ಮೊದಲು, ಇಡೀ ದೇಹ ಯಾವ ಕಡೆಗೆ ಹೊರಟಿದೆ ಎಂಬುದನ್ನು ಒಂದೇ ಒಂದು ಬಾಗಿದ ಗೆರೆಯಲ್ಲಿ ಎಳೆದುಬಿಡಬೇಕು. ಉಳಿದ ಅಂಗಗಳು ಆಮೇಲೆ ಆ ಗೆರೆಯನ್ನು ಅನುಸರಿಸಿ ಬರುತ್ತವೆ. ಚಂದಮಾಮದಲ್ಲಿ ಚಿತ್ರಕಾರ ಶಂಕರ್ ಬರೆದ ವಿಕ್ರಮಾದಿತ್ಯನನ್ನು ನೆನೆಸಿಕೊಳ್ಳಿ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದ ಕತ್ತಲು. ಕತೆ ಓದುವ ಮೊದಲೇ ಅರಸ ಹೊರಟಿದ್ದಾನೆ, ನಿಲ್ಲುವವನಲ್ಲ ಎಂಬುದು ನಮಗೆ ತಿಳಿದುಹೋಗುತ್ತಿತ್ತು. ಅಂಥ ನಡಿಗೆಯನ್ನು ನೆಟ್ಟಗಿನ ಗೆರೆಯೊಂದು ಎಂದೂ ಕೊಡಲಾರದು.

ಪುಸ್ತಕಗಳು ಈ ಗೆರೆಯನ್ನು ಕಲಿಸಲು ಕುಸ್ತಿಪಟುವನ್ನೋ ನರ್ತಕಿಯನ್ನೋ ತೋರಿಸುತ್ತವೆ. ನಾನಾಗಿದ್ದರೆ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕರೆದೊಯ್ಯುತ್ತೇನೆ. ಗಂಟಲು ಕೆರೆಯುವುದನ್ನೂ ಕಣ್ಣು ಉರಿಯುವುದನ್ನೂ ಸಹಿಸಿಕೊಂಡರೆ, ಅಲ್ಲಿ ಹಮಾಲರ ಬೆನ್ನುಗಳೇ ಒಂದು ದೊಡ್ಡ ಪಾಠಶಾಲೆ. ಚೀಲ ಎತ್ತುವವನು ಮೊದಲು ಕೆಳಗೆ ಇಳಿಯುತ್ತಾನೆ. ಮೊಣಕಾಲು ಮಡಚಿ, ಉಸಿರು ಹಿಡಿದು, ಒಂದು ಕ್ಷಣ ತಡೆದು, ಆಮೇಲೆ ಏಳುತ್ತಾನೆ. ಕಾರ್ಟೂನಿನ ಭಾಷೆಯಲ್ಲಿ ಇದು ‘ಆಂಟಿಸಿಪೇಶನ್’, ಅಂದರೆ ಮುಂದೆ ಹೋಗುವ ಮುಂಚೆ ಹಿಂದೆ ಸರಿಯುವುದು. ನೋಡುವವನಿಗೆ ಮುಂದೇನಾಗುತ್ತದೆ ಎಂಬುದರ ಮುನ್ಸೂಚನೆ ಈ ಹಿಂಜಗ್ಗಿನಲ್ಲಿಯೇ ಇರುವುದರಿಂದ, ಚೀಲ ಹೆಗಲೇರಿದ ಚಿತ್ರಕ್ಕಿಂತ ಏರುವ ಮುಂಚಿನ ಚಿತ್ರವೇ ಅನೇಕ ಸಲ ಹೆಚ್ಚು ಚುರುಕಾಗಿರುತ್ತದೆ.

ಇನ್ನೊಂದು ಸೂಕ್ಷ್ಮವೂ ಅಲ್ಲಿ ಕಣ್ಣಿಗೆ ಬೀಳುತ್ತದೆ. ಒಣಮೆಣಸಿನಕಾಯಿಯ ಚೀಲ ಗಾತ್ರದಲ್ಲಿ ಹೊತ್ತವನನ್ನೇ ನುಂಗುವಂತಿರುತ್ತದೆ, ಆದರೆ ಆ ಗಾತ್ರಕ್ಕೆ ತಕ್ಕ ಭಾರ ಅದರಲ್ಲಿರುವುದಿಲ್ಲ. ಆದ್ದರಿಂದ ಹಮಾಲನ ಹೆಜ್ಜೆ ಚುರುಕು, ತಲೆ ಒಂದು ಪಕ್ಕಕ್ಕೆ ವಾಲಿರುವುದು ದಾರಿ ಕಾಣಲೆಂದು. ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಜೋಳದ ಚೀಲ ಹೊತ್ತವನ ಬೆನ್ನು ಬೇರೆಯೇ: ಚೀಲ ಸಣ್ಣದು, ಆದರೆ ಅದು ಬೆನ್ನಿನ ಆಕಾರವನ್ನೇ ತಾಳಿ ಕುಳಿತಿರುತ್ತದೆ, ಕುತ್ತಿಗೆ ಹೆಗಲೊಳಗೆ ಹೂತುಹೋಗಿರುತ್ತದೆ, ಪಾದ ನೆಲದಿಂದ ಎದ್ದೂ ಏಳದಂತೆ ಜಾರುತ್ತದೆ. ಚೀಲದ ಮೇಲೆ ‘ಜೋಳ’ ಎಂದು ಬರೆಯದೆಯೇ ಜೋಳವನ್ನು ತೋರಿಸಬಲ್ಲ ಚಿತ್ರಕಾರನಿಗೆ ನಾನು ಎದ್ದುನಿಂತು ನಮಸ್ಕಾರ ಹೇಳುತ್ತೇನೆ.

ಚೀಲವನ್ನು ಹೊತ್ತವನಷ್ಟೇ ಅಲ್ಲ, ಚೀಲವೂ ಭಂಗಿ ಕಲಿಸುತ್ತದೆ. ಡಿಸ್ನಿ ಸ್ಟುಡಿಯೋದಲ್ಲಿ 1932ರಿಂದ ಡಾನ್ ಗ್ರಹಾಂ ಎಂಬ ಶಿಕ್ಷಕರು ಚಿತ್ರಕಾರರಿಗೆ ರೇಖಾಚಿತ್ರದ ಪಾಠ ಹೇಳತೊಡಗಿದರು. ಆ ಸ್ಟುಡಿಯೋದ ಪ್ರಸಿದ್ಧ ಅಭ್ಯಾಸವೊಂದು ಅರ್ಧ ತುಂಬಿದ ಹಿಟ್ಟಿನ ಚೀಲದ್ದು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನಾಲ್ಕು ಮೂಲೆಗಳೇ ಕೈಕಾಲು. ಇಷ್ಟರಲ್ಲೇ ಅದು ಸಿಟ್ಟಾಗಬೇಕು, ನಾಚಬೇಕು, ಜಂಬ ಕೊಚ್ಚಿಕೊಳ್ಳಬೇಕು. ಅಲ್ಲಿಯ ಹಿರಿಯ ಆ್ಯನಿಮೇಟರುಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್ಟನ್ 1981ರಲ್ಲಿ ಈ ಕಲೆಯ 12 ಸೂತ್ರಗಳನ್ನು ಪುಸ್ತಕವಾಗಿ ಹೊರತಂದಾಗ ಮೊದಲನೆಯದಾಗಿ ಇಟ್ಟದ್ದು ಕುಗ್ಗುವಿಕೆ ಮತ್ತು ಹಿಗ್ಗುವಿಕೆಯನ್ನು. ಪಾತ್ರ ಕುಗ್ಗಿದರೆ ಅಗಲವಾಗಬೇಕು, ಹಿಗ್ಗಿದರೆ ತೆಳ್ಳಗಾಗಬೇಕು. ಒಳಗಿನ ಸರಕು ಮಾತ್ರ ಹೆಚ್ಚುಕಡಿಮೆ ಆಗಕೂಡದು. ಹಿಟ್ಟಿನ ಚೀಲ ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ನಮ್ಮ ಓಣಿಯ ಮಕ್ಕಳಿಗೆ ಒಂದು ರವಿವಾರ ಇದನ್ನೇ ಕೊಟ್ಟೆ. ಕಣ್ಣು ಬರೆಯಬಾರದು ಎಂದಾಗ ದೊಡ್ಡ ತಕರಾರು ಎದ್ದಿತು. “ಕಣ್ಣಿಲ್ಲಂದ್ರ ಅದು ಅಳೂದು ಹೆಂಗ ಗೊತ್ತಾಗಬೇಕ್ರಿ?” ಎಂದು ಒಬ್ಬ ನ್ಯಾಯ ಕೇಳಿದ. ಸಣ್ಣ ಹುಡುಗಿಯೊಬ್ಬಳು ಮಾತ್ರ ಸುಮ್ಮನೆ ಕೂತು ಬರೆದಳು. ಗೋಡೆಗೆ ಆತು ಕುಸಿದ ಚೀಲ. ಮೇಲಿನ ಒಂದು ಮೂಲೆ ಎದೆಯ ಕಡೆಗೆ ಮಡಚಿಕೊಂಡಿದೆ, ಇನ್ನೊಂದು ಜೋತುಬಿದ್ದಿದೆ, ದೂರದಲ್ಲಿ ಲಾರಿಯೊಂದು ಧೂಳೆಬ್ಬಿಸಿ ಹೊರಟಿದೆ. ತನ್ನನ್ನು ಬಿಟ್ಟು ಉಳಿದ ಚೀಲಗಳೆಲ್ಲ ಹೋದವು ಎಂದು ಅದಕ್ಕೆ ಮುನಿಸು. ತಕರಾರು ತೆಗೆದಿದ್ದವನು ಬಹಳ ಹೊತ್ತು ನೋಡಿ, ಕಣ್ಣು ಬೇಕಾಗಿಲ್ಲ ಎಂಬುದನ್ನು ಒಪ್ಪದೆ, ಆದರೆ ತನ್ನ ಚೀಲದ ಕಣ್ಣನ್ನು ರಬ್ಬರಿನಿಂದ ಅಳಿಸಿದ.

ಚಲನೆಯ ನಿಜವಾದ ಜಾತ್ರೆ ನೋಡಬೇಕಾದರೆ ದೀಪಾವಳಿಯ ನಂತರ ಹಾವೇರಿಯ ಕಡೆಗೆ ಹೋಗಬೇಕು. ಕೊಬ್ಬರಿ ಮಾಲೆ, ಬಲೂನು, ಝೂಲ ಹೊತ್ತ ಹೋರಿಗಳು ಅಖಾಡದಲ್ಲಿ ನುಗ್ಗಿಬರುವಾಗ, ಅವುಗಳ ಕೊರಳಿನ ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಗಾಯ ಮಾಡಿಕೊಳ್ಳುವವರಿಗೂ ಅಲ್ಲಿ ಕೊರತೆಯಿಲ್ಲ. ಕಾಗದದ ಮೇಲಿನ ಹೋರಿಯೇ ನನ್ನಂಥವರಿಗೆ ವಾಸಿ. ಮರುದಿನದ ಪತ್ರಿಕೆಯಲ್ಲಿ ಅದರ ಫೋಟೋ ನೋಡಿದಾಗ ಮಾತ್ರ ವಿಚಿತ್ರ ನಿರಾಸೆಯಾಗುವುದುಂಟು. ಕ್ಯಾಮೆರಾ ಹಿಡಿದದ್ದು ಸತ್ಯವೇ, ಆದರೆ ಆ ಸತ್ಯದಲ್ಲಿ ಹೋರಿ ಓಡುವುದನ್ನು ಬಿಟ್ಟು ಏನನ್ನೋ ಮರೆತು ನಿಂತಂತಿರುತ್ತದೆ.

ಈ ಜಗಳ ಹಳೆಯದು. ಓಡುವ ಕುದುರೆಯ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಅದನ್ನು ಗಾಳಿಯಲ್ಲಿ ತೇಲಿಸುವುದು ಯುರೋಪಿನ ಚಿತ್ರಕಾರರ ರೂಢಿಯಾಗಿತ್ತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಫೋಟೋ ತೆಗೆದಾಗ, ಕುದುರೆಯ ನಾಲ್ಕೂ ಗೊರಸುಗಳು ನೆಲ ಬಿಡುವುದು ನಿಜ, ಆದರೆ ಆಗ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮುದುಡಿಕೊಂಡಿರುತ್ತವೆ ಎಂಬುದು ಗೊತ್ತಾಯಿತು. ಕಲಾವಿದರ ಸುಳ್ಳು ಸಿಕ್ಕಿಬಿತ್ತು. ಕಾರ್ಟೂನಿನ ಮಟ್ಟಿಗೆ ನಾನು ಸುಳ್ಳಿನ ಪಕ್ಷದವನು. ಕಾಲು ಎಲ್ಲಿರುತ್ತದೆ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು, ಆಮೇಲೆ ಅದನ್ನು ಎಲ್ಲಿಡಬೇಕೋ ಅಲ್ಲಿಡಬೇಕು. ತಿಳಿಯದೆ ಇಟ್ಟರೆ ಅದು ಹೋರಿಯಾಗುವುದಿಲ್ಲ, ಮೇಜಾಗುತ್ತದೆ. ಅಷ್ಟಕ್ಕೂ ಆ ಅಖಾಡದಲ್ಲಿ ನನ್ನ ಕಣ್ಣು ಹೋಗುವುದು ಹೋರಿಗಿಂತ ಹೆಚ್ಚಾಗಿ ಕಟ್ಟೆಯ ಮೇಲೆ ನಿಂತ ಮಂದಿಯ ಕಡೆಗೆ: ಹೋರಿ ಇನ್ನೂ ದೂರವಿರುವಾಗಲೇ ಧೋತರದ ಚುಂಗು ಎತ್ತಿ ಹಿಡಿದು, ಹಿಂದಿನವನ ಮೈಮೇಲೆ ಒರಗಿ, ಒಂದು ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡ ಹಿರಿಯರೊಬ್ಬರ ಮುಂದೆ ಯಾವ ಹೋರಿಯೂ ನಿಲ್ಲದು.

ಹಾಗೆಂದು ಬರಿಯ ಓಟ, ಜಿಗಿತಗಳಲ್ಲೇ ಜೀವವಿದೆ ಎಂದಲ್ಲ. ಧಾರವಾಡದ ಲೈನ್ ಬಜಾರದಲ್ಲಿ ಪೇಢೆಗಾಗಿ ಪಾಳಿ ಹಚ್ಚಿದವರನ್ನು ನೋಡಿ. ಯಾರೂ ಚಲಿಸುತ್ತಿಲ್ಲ, ಆದರೆ ಯಾರೂ ನೆಟ್ಟಗೆ ನಿಂತಿಲ್ಲ. ಒಬ್ಬ ತುದಿಗಾಲಲ್ಲಿ ಮುಂದೆ ಇಣುಕುತ್ತಾನೆ, ಒಬ್ಬಳು ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ ಸೊಂಟಕ್ಕೆ ಕೂಸನ್ನು ಏರಿಸಿದ್ದಾಳೆ. ಭಾರ ಒಂದು ಕಾಲಿಗೆ ಬಿದ್ದೊಡನೆ ಸೊಂಟದ ಗೆರೆ ಒಂದು ಕಡೆ ಏರುತ್ತದೆ, ಅದನ್ನು ಸರಿದೂಗಿಸಲು ಭುಜದ ಗೆರೆ ಎದುರು ಕಡೆಗೆ ವಾಲುತ್ತದೆ. ನಮ್ಮ ಶಿಲ್ಪಿಗಳು ತ್ರಿಭಂಗ ಎಂದು ಕರೆದು, ಲಕ್ಕುಂಡಿಯಂಥ ಊರುಗಳಲ್ಲಿ ಕಲ್ಲಿಗೆ ಇಳಿಸಿದ್ದು ಈ ವಾಲುವಿಕೆಯನ್ನೇ. ಅದೇ ಊರಿನಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಜೈನ ಶಿಲ್ಪದ ಕಾಯೋತ್ಸರ್ಗವೆಂಬ ಧ್ಯಾನದ ನಿಲುವಿನಲ್ಲಿ ಜಿನ ನೆಟ್ಟಗೆ ನಿಂತಿರುತ್ತಾನೆ, ಏಕೆಂದರೆ ಅವನಿಗೆ ಹೋಗಬೇಕಾದ ಊರಿಲ್ಲ, ಬೇಕಾದ ವಸ್ತುವಿಲ್ಲ. ನೆಟ್ಟಗೆ ನಿಲ್ಲುವ ಹಕ್ಕು ಅವನಿಗಿದೆ. ಪೇಢೆ ಮುಗಿದುಹೋದೀತು ಎಂಬ ಅಂಜಿಕೆಯಲ್ಲಿರುವ ನಮ್ಮ ಕಾರ್ಟೂನು ಪಾತ್ರಕ್ಕೆ ಆ ನಿಲುವನ್ನು ಕೊಟ್ಟರೆ ಇಬ್ಬರಿಗೂ ಅನ್ಯಾಯ.

ಭಂಗಿ ಸರಿಯಾಗಿದೆಯೇ ಎಂದು ತಿಳಿಯಲು ಒಂದು ನಿರ್ದಯ ಪರೀಕ್ಷೆಯಿದೆ: ಪಾತ್ರವನ್ನೆಲ್ಲ ಕಪ್ಪು ಶಾಯಿಯಿಂದ ತುಂಬಿಬಿಡಬೇಕು. ಬರಿಯ ನೆರಳಿನಲ್ಲೂ ಅವನು ಏನು ಮಾಡುತ್ತಿದ್ದಾನೆ ಎಂಬುದು ತಿಳಿದರೆ ಚಿತ್ರ ಉಳಿಯಿತು. ಕೈಗಳು ಎದೆಯ ಮುಂದೆ ಸೇರಿಹೋಗಿದ್ದರೆ ಮುಳುಗಿತು. ಮಿಕ್ಕಿ ಮೌಸ್‌ಗೆ 1929ರಲ್ಲಿ ಬಿಳಿ ಕೈಗವಸು ಬಂದದ್ದರ ಹಿಂದೆ ಇದೇ ಕಷ್ಟವಿತ್ತು. ಕಪ್ಪು ಮೈಯ ಮುಂದೆ ಕಪ್ಪು ಕೈ ಕಾಣುತ್ತಿರಲಿಲ್ಲ. ತೊಗಲುಗೊಂಬೆಯವರು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕೈಗಳನ್ನು ಮೈಯಿಂದ ಆಚೆಗೆ ಚಾಚಿಸುವುದರಲ್ಲೂ ಇದೇ ಜಾಣತನವಿದೆ.

ಇದನ್ನೆಲ್ಲ ಓದಿ ಕಲಿಯುವುದಕ್ಕಿಂತ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ಅಗ್ಗದ ನೋಟ್‌ಬುಕ್ ಹಿಡಿದು ಕೂಡುವುದು ಉತ್ತಮ. ಕಲಾಶಾಲೆಗಳಲ್ಲಿ 30 ಸೆಕೆಂಡು, ಒಂದು ನಿಮಿಷ ಎಂದು ಗಡಿಯಾರವಿಟ್ಟು ಮಾಡಿಸುವ ‘ಜೆಸ್ಚರ್’, ಅಂದರೆ ಭಂಗಿಯನ್ನು ಸರಸರನೆ ಗೀಚಿಕೊಳ್ಳುವ ಅಭ್ಯಾಸವನ್ನು ಇಲ್ಲಿ ಪ್ರಯಾಣಿಕರೇ ಪುಕ್ಕಟೆಯಾಗಿ ಮಾಡಿಸುತ್ತಾರೆ, ಏಕೆಂದರೆ ಯಾರೂ ಅಷ್ಟಕ್ಕಿಂತ ಹೆಚ್ಚು ಹೊತ್ತು ಒಂದೇ ರೀತಿ ಇರುವುದಿಲ್ಲ. ಇತ್ತೀಚೆಗೆ ಮೊಬೈಲ್ ಬಂದು ನಮ್ಮ ಕೆಲಸವನ್ನು ಸ್ವಲ್ಪ ಕೆಡಿಸಿದೆ: ಬೆಂಚಿನ ಮೇಲಿನ ಎಲ್ಲ ಕುತ್ತಿಗೆಗಳೂ ಈಗ ಒಂದೇ ಕೋನದಲ್ಲಿ ಬಾಗಿರುತ್ತವೆ. ಆಗ ಕಾಲುಗಳನ್ನು ನೋಡಬೇಕು. ಸಂದರ್ಶನಕ್ಕೆ ಹೊರಟ ಹುಡುಗನ ಮೊಣಕಾಲು ಒಂದೇ ಸಮ ನಡುಗುತ್ತಿರುತ್ತದೆ, ಪಕ್ಕದಾಕೆಯ ಚಪ್ಪಲಿ ಹೆಬ್ಬೆರಳಿನಿಂದ ತೂಗಾಡುತ್ತಿರುತ್ತದೆ.

ಅಷ್ಟರಲ್ಲಿ ಕಂಡಕ್ಟರ್ “ಗದಗ, ಗದಗ, ಗದಗ!” ಎಂದು ಕೂಗುತ್ತಾನೆ. ಇಡೀ ಬೆಂಚು ಒಮ್ಮೆಲೇ ಏಳುತ್ತದೆ, ಮತ್ತು ಬಸ್ಸು ಇನ್ನೂ ನಿಲ್ಲುವ ಮೊದಲೇ ಯಾರೋ ಒಬ್ಬರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಅದನ್ನು ಬರೆಯುವುದಾದರೆ ಗೆರೆಯನ್ನು ಎಡಗಾಲಿನ ಹೆಬ್ಬೆರಳಿನಿಂದಲೇ ಶುರುಮಾಡಿ, ಸೊಂಟದಲ್ಲಿ ಒಮ್ಮೆ ತಿರುಗಿಸಿ, ಹೆಗಲು, ಮೊಣಕೈ, ಮುಷ್ಟಿ ದಾಟಿಸಿ ಕಿಟಕಿಯೊಳಗೆ ಒಯ್ಯಬೇಕು. ಬಲಗೈಯ ಚೀಲ ಹಿಂದಕ್ಕೆ ಜೀಕಿರಬೇಕು, ಏಕೆಂದರೆ ಯಜಮಾನ ಹೊರಟದ್ದು ಚೀಲಕ್ಕೆ ಇನ್ನೂ ಗೊತ್ತಾಗಿಲ್ಲ. ಟವೆಲ್ಲಿನ ತುದಿಯಂತೂ ಎಲ್ಲರಿಗಿಂತ ತಡವಾಗಿ ಬರಬೇಕು. ಬಾಯಿ ತೆರೆದಿರಲಿ, ಒಳಗೆ ಆ ಸೀಟಿನ ಮೇಲೆ ಇನ್ನೊಬ್ಬರ ಟವೆಲ್ ಆಗಲೇ ಬಿದ್ದಿರುವ ಸಂಭವವಿದೆ, ಜಗಳಕ್ಕೆ ತಯಾರಿ ಬೇಕು.