ನಾವು ಮನೆಯಲ್ಲಿಲ್ಲ, ದಯವಿಟ್ಟು ಗಮನಿಸಿ

ದಸರಾ ಬಂತೆಂದರೆ ದೇಶವೆಲ್ಲ ಮೈಸೂರಿಗೆ ಬರುತ್ತದೆ, ಮೈಸೂರಿನವರು ಮೈಸೂರು ಬಿಟ್ಟು ಹೋಗುತ್ತಾರೆ. ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕುವೆಂಪುನಗರದಾಚೆಯ ನಮ್ಮ ಬಡಾವಣೆಯಲ್ಲಿ ನಾಯಿಗಳು ನಡುರಸ್ತೆಯಲ್ಲೇ ಕಾಲು ಚಾಚಿ ಮಲಗಿರುತ್ತವೆ. ಮಕ್ಕಳಿಗೆ ರಜೆ, ಆಯುಧಪೂಜೆಗೆ ರಜೆ, ವಿಜಯದಶಮಿಗೆ ರಜೆ, ಪಕ್ಕದಲ್ಲೊಂದು ಸಿಎಲ್ ತುರುಕಿದರೆ ಊಟಿಯೋ ತಿರುಪತಿಯೋ ಆಗಿಯೇ ಹೋಗುತ್ತದೆ. ಈ ಲೆಕ್ಕ ನಮಗೊಬ್ಬರಿಗೇ ಗೊತ್ತು ಅಂದುಕೊಂಡಿರುತ್ತೇವೆ. ಕಬ್ಬಿಣದ ರಾಡು ನಂಬಿ ಬದುಕುವವನ ಮನೆಯಲ್ಲೂ ಕ್ಯಾಲೆಂಡರ್ ಇರುತ್ತದೆ. (ಆಯುಧಪೂಜೆಯ ದಿನ ಅವನೂ ಆ ರಾಡಿಗೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದೇ ಹೊರಡುತ್ತಾನೋ ಏನೋ.)

ಪೊಲೀಸರು ಪ್ರತಿ ರಜೆಗೂ ಹೇಳುವುದು ಎರಡೇ ಮಾತು. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ, ಬೀಟಿನವರು ಆ ಕಡೆ ಒಂದು ಸುತ್ತು ಬರುತ್ತಾರೆ. ಹೋಗುತ್ತಿರುವುದನ್ನು ಊರಿಗೆಲ್ಲ ಡಂಗುರ ಹೊಡೆಯಬೇಡಿ. ನಮ್ಮ ನಿವಾಸಿಗಳ ಸಂಘ ಈ ಎರಡೂ ಮಾತನ್ನು ಶಿರಸಾವಹಿಸಿ ಪಾಲಿಸಿತು, ಸ್ವಲ್ಪ ಅದಲುಬದಲು ಮಾಡಿ.

ಮಹಾಲಯ ಅಮಾವಾಸ್ಯೆ ಮುಗಿದ ಮಾರನೆಯ ದಿನವೇ ವಾಟ್ಸ್‌ಆ್ಯಪ್ ಗುಂಪಿಗೆ 'ದಸರಾ ಸುರಕ್ಷತಾ ಪಟ್ಟಿ' ಬಂತು. ಮನೆ ನಂಬರು, ಹೊರಡುವ ದಿನ, ಬರುವ ದಿನ, ಹೋಗುವ ಊರು. ಐದನೆಯ ಕಲಂ, 'ಬೀಗದ ಕೈ ಎಲ್ಲಿದೆ'. ಜನ ಮುಗಿಬಿದ್ದು ತುಂಬಿದರು. ಆಧಾರ್ ಜೆರಾಕ್ಸ್ ಕೊಡಲು ಹತ್ತು ಸಲ ಯೋಚಿಸುವ ನಿವೃತ್ತ ಮೇಷ್ಟ್ರು 'ಮೀಟರ್ ಬೋರ್ಡಿನ ಹಿಂದೆ, ಎಡಗಡೆ' ಎಂದು ಬರೆದರು. ಎಡಗಡೆ ಎನ್ನುವುದನ್ನೂ ಬಿಡಲಿಲ್ಲ. ಮೇಷ್ಟ್ರಲ್ಲವೇ, ಉತ್ತರ ಪೂರ್ಣವಾಗಿರಬೇಕು.

ಬಡಾವಣೆಯಲ್ಲಿರುವುದು 60 ಮನೆ. ಗುಂಪಿನಲ್ಲಿರುವವರು 218 ಮಂದಿ. ಮಿಕ್ಕವರು ಯಾರು? ಮೂರು ವರ್ಷದ ಹಿಂದೆ ಮನೆ ಖಾಲಿ ಮಾಡಿದ ಬಾಡಿಗೆದಾರರು, ನೀರಿನ ಕ್ಯಾನ್ ಹಾಕುವವರು, ಸೈಟು ಬ್ರೋಕರುಗಳು, ಯಾವುದೋ ಕಾಲದಲ್ಲಿ ಪರದೆ ಹೊಲಿದುಕೊಟ್ಟವನು. ಇವರಲ್ಲದೆ ಆಂಜನೇಯನ ಚಿತ್ರ ಹಾಕಿಕೊಂಡ ಒಂದು ನಂಬರಿದೆ. ಹೆಸರಿಲ್ಲ, ದಿನಾ ಬೆಳಿಗ್ಗೆ ಶುಭೋದಯ ಹೇಳುತ್ತದೆ. ಪಟ್ಟಿಗೆ ಮೊದಲು ಕೈಮುಗಿದದ್ದೂ ಅದೇ.

ನಾನು ಅಧ್ಯಕ್ಷರನ್ನು ಕೇಳಿದೆ, "ಸಾರ್, ಈ ಲಿಸ್ಟ್ ಸ್ಟೇಷನ್ನಿಗೂ ಒಂದು ಕೊಟ್ರಾ?"

ಅವರು ದನಿ ತಗ್ಗಿಸಿದರು. "ಅಯ್ಯೋ, ಪೊಲೀಸ್ನೋರಿಗೆಲ್ಲ ಯಾಕ್ರೀ ನಮ್ಮನೆ ವಿಷಯ? ಇದೆಲ್ಲ ಪ್ರೈವೇಟ್ ಅಲ್ವಾ?"

ಕ್ಯಾಮೆರಾ ಇದೆಯಲ್ಲ ಎನ್ನುವುದು ಅವರ ಧೈರ್ಯ. ನಿಜ, ನಮ್ಮ ಬೀದಿಯೊಂದರಲ್ಲೇ ಹನ್ನೊಂದಿವೆ. ಅದರಲ್ಲಿ ಏಳು, ಖಾಲಿ ಸೈಟಿಗೆ ಕಸ ಎಸೆಯುವವರನ್ನು ಹಿಡಿಯಲು. ಮೂರು, ತಮ್ಮ ಗೇಟಿನ ಮುಂದೆ ಯಾರು ಕಾರು ನಿಲ್ಲಿಸುತ್ತಾರೆಂದು ನೋಡಲು. ಹನ್ನೊಂದನೆಯದು ಕಳೆದ ಗಾಳಿಮಳೆಗೆ ಕತ್ತು ತಿರುಗಿಸಿಕೊಂಡು ಅಂದಿನಿಂದ ಸಂಪಿಗೆ ಮರವನ್ನೇ ಕಾಯುತ್ತಿದೆ. ಹೋಗಲಿ, ಕಳ್ಳ ಸಿಕ್ಕಿಬಿದ್ದ ಅಂತಲೇ ಇಟ್ಟುಕೊಳ್ಳಿ. ಅವನ ಮುಖ ದಾಖಲಾಗುವ ಡಿವಿಆರ್ ಎಲ್ಲಿದೆ? ಟಿವಿಯ ಕೆಳಗೆ, ಮೇಲೊಂದು ಕ್ರೋಷಾ ಬಟ್ಟೆ ಹೊದ್ದು, ಹಸಿರು ದೀಪ ಮಿಟುಕಿಸುತ್ತ ಕೂತಿದೆ. ಬೆಳ್ಳಿ ಸಾಮಾನಿನ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು. ಕಳ್ಳರು ಈಗ ಹಾಗೆಯೇ ಮಾಡುತ್ತಾರೆ.

ದೀಪದ ವಿಷಯದಲ್ಲಂತೂ ನಾವು ಅರಮನೆಯನ್ನೂ ಮೀರಿಸಿದವರು. ಸುಮಾರು ಒಂದು ಲಕ್ಷ ಬಲ್ಬಿನ ಅರಮನೆಯೂ ಹೊತ್ತು ನೋಡಿ ಹತ್ತಿಸಿ, ಹೊತ್ತು ನೋಡಿ ಆರಿಸುತ್ತದೆ. ನಮ್ಮ ವರಾಂಡದ ಒಂಟಿ ಬಲ್ಬಿಗೆ ಆ ನಿಯಮವಿಲ್ಲ. ಮನೆಯಲ್ಲಿ ಜನ ಇದ್ದಾರೆ ಅಂತ ಕಾಣಲಿ ಎಂದು ಹಾಕಿಟ್ಟು ಹೋದದ್ದು ನಾಲ್ಕು ದಿನ ಹಗಲೂ ರಾತ್ರಿ ಉರಿಯುತ್ತದೆ. ಮಟಮಟ ಮಧ್ಯಾಹ್ನ ದೀಪ, ಬಾಗಿಲಲ್ಲಿ ರಂಗೋಲಿಯಿಲ್ಲ, ಗೇಟಿನೊಳಗೆ ನಾಲ್ಕು ಸುರುಳಿ ಪೇಪರು. ಇನ್ನೇನು ಬೋರ್ಡು ಬರೆಸಬೇಕೆ? ಕರೆಂಟು ದಂಡ ಅಂದರೆ, "ಗೃಹಜ್ಯೋತಿ ಇದೆಯಲ್ಲ, ಉರೀಲಿ ಬಿಡಿ" ಎನ್ನುತ್ತಾರೆ. ಕಳ್ಳನಿಗೂ ಟಾರ್ಚಿನ ಖರ್ಚು ಉಳಿಯಿತು.

ಇನ್ನು ಬಾಗಿಲು. ಮುಂಬಾಗಿಲಿಗೆ ತೇಗ, ಅದರ ಮೇಲೆ ಗಜಲಕ್ಷ್ಮಿ, ಏಳು ಲಿವರಿನ ಬೀಗ. ಹಿಂಬಾಗಿಲಿಗೆ ಮಳೆಗೆ ಊದಿಕೊಂಡ ಫ್ಲಶ್ ಡೋರು, ಕಿರುಬೆರಳಿನಷ್ಟು ಅಲ್ಯೂಮಿನಿಯಂ ಚಿಲಕ. ಮನೆ ಕಟ್ಟಿಸುವಾಗ ದುಡ್ಡು ಹಿತ್ತಿಲು ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ಗೃಹಪ್ರವೇಶಕ್ಕೆ ಬರುವ ನೆಂಟರು ಮುಂದಿನಿಂದ ಬರುತ್ತಾರೆ, ಆದ್ದರಿಂದ ಭದ್ರತೆಯೂ ಮುಂದೆಯೇ ಇರಬೇಕು.

ಒಡವೆಯ ಕಥೆ ಬೇರೆ. ಎದುರುಮನೆ ಆಂಟಿ ಗೊಂಬೆ ಕೂರಿಸಿದ್ದಾರೆಂದು ಲಾಕರಿನಿಂದ ಸರ, ಬಳೆ ಎಲ್ಲ ತಂದರು. ಹೊರಡುವ ದಿನ ವಾಪಸಿಡೋಣವೆಂದರೆ ಬ್ಯಾಂಕಿಗೆ ರಜೆ. "ಲಾಕರ್ ನಂಬೋದೂ ಅಷ್ಟರಲ್ಲೇ ಇದೆ ಬಿಡಿ" ಎಂದು ಅಂಕಲ್ ಸಮಾಧಾನ ಮಾಡಿದರು. ಬ್ಯಾಂಕಿನ ತಪ್ಪಿನಿಂದಲೇ ಲಾಕರ್ ಕಳುವಾದರೂ ಅದರ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಸೀಮಿತ ಎಂಬ, 2022ರ ಜನವರಿಯಿಂದ ಜಾರಿಗೆ ಬಂದ ನಿಯಮ ಅವರಿಗೆ ಬಾಯಿಪಾಠ. ಹಾಗಾಗಿ ಒಡವೆ ಅಕ್ಕಿ ಡಬ್ಬಕ್ಕೆ ಹೋಯಿತು. ಅಕ್ಕಿ ಡಬ್ಬ ತಲತಲಾಂತರದಿಂದ ಬಂದ ಗುಟ್ಟಿನ ಜಾಗ. ನಮ್ಮ ಅಜ್ಜಿಗೂ ಗೊತ್ತಿತ್ತು, ಅವರ ಕಾಲದ ಕಳ್ಳರಿಗೂ ಗೊತ್ತಿತ್ತು.

ನಾನೇನೂ ಸಾಚಾ ಅಲ್ಲ. ಮಡಿಕೇರಿಯ ದಶಮಂಟಪ ನೋಡಿಬರೋಣವೆಂದು ಹೊರಟವನು ಅದೇ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದಿದ್ದೆ. ಎಲ್ಲರೂ ಬರೆದಿದ್ದರು, ಒಬ್ಬನೇ ಬಿಟ್ಟರೆ ಏನಂದುಕೊಂಡಾರು? ಹೊರಡುವ ಬೆಳಿಗ್ಗೆ ಮಗನಿಗೆ ಜ್ವರ ಬಂತು. ಮನೆಯಲ್ಲೇ ಉಳಿದು ಜಂಬೂಸವಾರಿಯನ್ನು ಟಿವಿಯಲ್ಲಿ ನೋಡಿದೆವು. 750 ಕಿಲೋ ತೂಕದ ಅಂಬಾರಿ, ಹೊದಿಸಿದ ಚಿನ್ನ ಬಿಸಿಲಿಗೆ ಥಳಥಳಿಸುತ್ತ, ಲಕ್ಷಾಂತರ ಜನರ ಕಣ್ಣೆದುರೇ ಬನ್ನಿಮಂಟಪಕ್ಕೆ ಹೋಯಿತು. ಅದನ್ನು ಯಾರೂ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿರಲಿಲ್ಲ.

ಮಗುವಿಗೆ ನಿದ್ದೆ ಬರಲೆಂದು ಎಂಟೂವರೆಗೇ ದೀಪ ಆರಿಸಿದೆವು. ಹನ್ನೊಂದರ ಸುಮಾರಿಗೆ ಹಿತ್ತಿಲ ಬಾಗಿಲು ಕಿರ್ರೆಂದಿತು. ಚಿಲಕ ಒಂದು ಸಲ ಅಲುಗಿತು, ಇನ್ನೊಂದು ಸಲ ಅಲುಗಿತು. ಹೆಂಡತಿ ನನ್ನ ತೋಳು ಹಿಡಿದಳು. ಇದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡು, "ಯಾರದು?" ಎಂದೆ.

ಹೊರಗೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಬಹಳ ಮರ್ಯಾದೆಯ ದನಿಯೊಂದು ಕೇಳಿಸಿತು.

"ಸಾರಿ ಸಾರ್. ಲಿಸ್ಟಲ್ಲಿ ನೀವು ಮಡಿಕೇರಿ ಅಂತ ಇತ್ತು. ಪ್ರೋಗ್ರಾಂ ಚೇಂಜ್ ಆದ್ರೆ ಗ್ರೂಪಲ್ಲಿ ಹಾಕ್ಬೇಕಲ್ವಾ ಸಾರ್?"