ಫಿಟ್ಟರ್ ಮಾಡಿಸಿದರೆ ಸಂಬಳ ಎಷ್ಟು?

ಕಳೆದ ವಾರ ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಮನೆಗೆ ಬಂದರು. ನಾನು ಇಪ್ಪತ್ತೆಂಟು ವರ್ಷ ಐಟಿಐಗಳಲ್ಲಿ ಫಿಟ್ಟರ್ ಹುಡುಗರಿಗೆ ಕಲಿಸಿದವನು ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಕೂರುವ ಮೊದಲೇ ಕೇಳಿದರು: "ಫಿಟ್ಟರ್ ಮಾಡಿಸಿದರೆ ಸಂಬಳ ಎಷ್ಟು ಬರುತ್ತದೆ?"

ನನ್ನ ಸೇವಾವಧಿಯಲ್ಲಿ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹಾಸ್ಟೆಲ್ ಇದೆಯೇ, ಬಸ್ ಪಾಸ್ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಹೆಚ್ಚಿನವರು ಅದನ್ನೂ ಕೇಳುತ್ತಿರಲಿಲ್ಲ. ಅಂಕ ಕಡಿಮೆ ಬಂದ ಮಗನನ್ನು ತಪ್ಪಿತಸ್ಥನಂತೆ ಮುಂದೆ ತಳ್ಳಿ, "ಏನಾದರೂ ಕಲಿಸಿ ಸಾರ್" ಎನ್ನುತ್ತಿದ್ದರು. ಫಿಟ್ಟರ್ ಎಂದರೆ ಲೋಹದ ಭಾಗಗಳನ್ನು ಅಳತೆಗೆ ತಕ್ಕಂತೆ ಮಾಡಿ ಜೋಡಿಸುವವನು; ನಲ್ಲಿ ರಿಪೇರಿ ಮಾಡುವವನು ಎಂದುಕೊಂಡವರೂ ಇದ್ದರು.

ಆ ಹುಡುಗರಿಗೆ ಮೊದಲ ವಾರಗಳಲ್ಲಿ ಇರುವುದು ಅರ ಹಿಡಿಯುವ ಕೆಲಸ. ಕಬ್ಬಿಣದ ತುಂಡನ್ನು ವೈಸ್‌ಗೆ ಬಿಗಿದು ಉಜ್ಜುವುದು, ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಎತ್ತಿ ನೋಡುವುದು. ಸಂದಿಯಲ್ಲಿ ಎಳೆಯಷ್ಟು ಬೆಳಕು ನುಸುಳಿದರೂ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಗಟ್ಟಿಯಾಗುತ್ತದೆ. ಗಣಿತದಲ್ಲಿ ಎರಡು ಸಲ ನಪಾಸಾದವನು ವರ್ನಿಯರ್ ಎಂಬ ಅಳತೆಯ ಉಪಕರಣದಲ್ಲಿ 0.02 ಮಿಲಿಮೀಟರ್ ಓದುತ್ತಾನೆ, ತಪ್ಪಿಲ್ಲದೆ. ದಶಮಾಂಶ ಎಂದರೇನು ಎಂಬುದು ಅವನಿಗೆ ಅರ್ಥವಾಗುವುದು ಆ ದಿನ. ಅದನ್ನು ಕಣ್ಣಾರೆ ಕಂಡವನಾದ್ದರಿಂದ, ವೇದಿಕೆಯ ಮೇಲೆ ಯಾರಾದರೂ "ನಮ್ಮ ಯುವಕರಲ್ಲಿ ಕೌಶಲವಿಲ್ಲ" ಎಂದಾಗ ನನಗೆ ಮೈ ಉರಿಯುತ್ತದೆ.

ನಮ್ಮ ಕಡೆ ತಪ್ಪಿಲ್ಲ ಎಂದಲ್ಲ. ಹಾಜರಾತಿ ಪುಸ್ತಕದಲ್ಲಿ ಮಾತ್ರ ತರಗತಿ ನಡೆಸುವ ಸಂಸ್ಥೆಗಳನ್ನು ನೋಡಿದ್ದೇನೆ. ಅರವನ್ನೇ ಮುಟ್ಟದೆ ಪ್ರಮಾಣಪತ್ರ ಪಡೆದವರನ್ನೂ ನೋಡಿದ್ದೇನೆ. 2022ರಲ್ಲಿ ರಾಜ್ಯದ 150 ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮಾಡಿದರು. ಅದು ಬೇಕಾಗಿತ್ತು, ನಮ್ಮ ಲೇತ್‌ಗಳು ಹುಡುಗರ ಅಪ್ಪಂದಿರ ವಯಸ್ಸಿನವು. ಆದರೆ ಯಂತ್ರ ಹೊಸದಾದರೆ ಹುಡುಗನ ಮೊದಲ ಸಂಬಳ ಏರುತ್ತದೆ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ನನ್ನ ವಿದ್ಯಾರ್ಥಿಯೊಬ್ಬ, ಒಳ್ಳೆಯ ಕೈಯವನು, ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿದ. 2019ರ ನಿಯಮದ ಪ್ರಕಾರ ಐಟಿಐ ಮುಗಿಸಿದವನಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ. ಅವರು ಸರಿಯಾಗಿ ಅಷ್ಟನ್ನೇ ಕೊಟ್ಟರು, ಒಂದು ರೂಪಾಯಿ ಹೆಚ್ಚಲ್ಲ. ಒಂದು ಕೋಣೆಯಲ್ಲಿ ಐದು ಜನ. ಪಕ್ಕದಲ್ಲಿ ಕಾಯಂ ಕಾರ್ಮಿಕ ಮಾಡುವ ಕೆಲಸವನ್ನೇ ಇವನೂ ಮಾಡುತ್ತಿದ್ದ, ರಾತ್ರಿ ಪಾಳಿಯನ್ನೂ ಸೇರಿಸಿ. ವರ್ಷ ಮುಗಿದ ದಿನ ಕೈಕುಲುಕಿ ಕಳುಹಿಸಿದರು. ಮರುದಿನ ಅದೇ ವೈಸ್‌ನ ಮುಂದೆ ಹೊಸ ಹುಡುಗ. ನಮ್ಮವನು ಈಗ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಾನೆ.

ಇದರಲ್ಲಿ ಹೆಚ್ಚಿನದು ಕಾನೂನಿನ ಒಳಗೇ ಇದೆ ಎಂಬುದೇ ನನ್ನ ಸಂಕಟ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮು ಅವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಎನ್ನುತ್ತದೆ. ಕಾಯಂ ಮಾಡಿಕೊಳ್ಳಬೇಕಾದ ಹಂಗೂ ಮಾಲೀಕನಿಗಿಲ್ಲ. ಒಟ್ಟು ಸಿಬ್ಬಂದಿಯ ಶೇಕಡಾ 15ರವರೆಗೆ ಇಂಥವರನ್ನು ಇಟ್ಟುಕೊಳ್ಳಬಹುದು. ಕೇಂದ್ರದ ಅಪ್ರೆಂಟಿಸ್ ಉತ್ತೇಜನ ಯೋಜನೆಗೆ ನೋಂದಾಯಿಸಿದರೆ ಭತ್ಯೆಯಲ್ಲಿ ತಿಂಗಳಿಗೆ ತಲೆಗೆ 1,500 ರೂಪಾಯಿವರೆಗೆ ಸರ್ಕಾರವೇ ಭರಿಸುತ್ತದೆ. ಇನ್ನೊಂದು ತಮಾಷೆ ಕೇಳಿ. ಕೇಂದ್ರದ 2023-24ರ ಶ್ರಮಬಲ ಸಮೀಕ್ಷೆಯಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇಕಡಾ 10.2. ಆ ಲೆಕ್ಕದಲ್ಲಿ ಭತ್ಯೆ ಪಡೆಯುವ ಅಪ್ರೆಂಟಿಸ್ ನಿಯತ ಸಂಬಳದ ಉದ್ಯೋಗಿ! ಕಾಯ್ದೆಗೆ ಕಾರ್ಮಿಕನಲ್ಲ, ಅಂಕಿಅಂಶಕ್ಕೆ ಉದ್ಯೋಗಿ. ಪಾಳಿ ಮುಗಿಸಿ ಬಂದ ಅವನು ಯಾವುದೆಂದು ಅವನೇ ತೀರ್ಮಾನಿಸಿಕೊಳ್ಳಬೇಕು.

ಈರುಳ್ಳಿ ಸಿಗುವುದಿಲ್ಲ ಎಂದರೆ ಸಂಜೆಯೊಳಗೆ ಬೆಲೆ ಏರುತ್ತದೆ. ನುರಿತ ಫಿಟ್ಟರ್ ಸಿಗುತ್ತಿಲ್ಲ ಎಂದು ಉದ್ಯಮಿಗಳು ನಾನು ಕೆಲಸಕ್ಕೆ ಸೇರಿದ ದಿನದಿಂದಲೂ ಹೇಳುತ್ತಿದ್ದಾರೆ. ಅವನ ಬೆಲೆ ಏಕೆ ಏರುವುದಿಲ್ಲ? ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂದು ಪ್ರತಿ ವರ್ಷ ಜಾಹೀರಾತು ಬರುತ್ತದೆ. ತರಬೇತಿ ಮುಗಿದು ಎರಡು ವರ್ಷವಾದ ಮೇಲೆ ಅವರ ಕೈಗೆ ಎಷ್ಟು ಬರುತ್ತಿದೆ ಎಂದು ಪ್ರತಿ ಐಟಿಐ ಬಾಗಿಲಲ್ಲಿ ಬೋರ್ಡ್ ಹಾಕಲಿ. ಆಗ ಕಾರ್ಖಾನೆಗಳ ಬಣ್ಣವೂ ನಮ್ಮ ಬಣ್ಣವೂ ಒಟ್ಟಿಗೆ ಬಯಲಾಗುತ್ತದೆ.

ಆ ತಾಯಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎರಡು ವರ್ಷ ಕಲಿಕೆ, ಒಂದು ವರ್ಷ ಅಪ್ರೆಂಟಿಸ್, ಆಗ ತಿಂಗಳಿಗೆ ಹತ್ತು ಸಾವಿರದೊಳಗೆ, ಆಮೇಲೆ ಹೆಚ್ಚಾಗಿ ಗುತ್ತಿಗೆ ಎಂದೆ. ಕೈ ಕುದುರಿದರೆ ಮುಂದೆ ದಾರಿಯಿದೆ ಎಂದೂ ಹೇಳಿದೆ. ಅವರು ಗಾರೆ ಕೆಲಸಕ್ಕೆ ಹೋಗುವವರು. ತಮ್ಮ ದಿನಗೂಲಿಯನ್ನು ಬೆರಳಿನಲ್ಲಿ ಎಣಿಸಿ ತಿಂಗಳ ಲೆಕ್ಕ ಹಾಕಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನೊಳಗೆ ಜಾಗ್ರತೆಯಾಗಿ ಸೇರಿಸಿ, "ಅವರಪ್ಪನನ್ನು ಒಂದು ಮಾತು ಕೇಳಿ ಬರುತ್ತೇನೆ ಸಾರ್" ಎಂದು ಎದ್ದರು.