ತುಕ್ಕನ್ನು ಉಜ್ಜಬೇಡಿ, ದಯವಿಟ್ಟು

ಎರಡನೇ ಮಹಾಯುದ್ಧ ಕಾಲದ ಜಪಾನಿ ಕತ್ತಿಗಳೆಲ್ಲ ಕಾರ್ಖಾನೆ ಮಾಲು, ಸಂಗ್ರಹಕ್ಕೆ ಲಾಯಕ್ಕಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಇದನ್ನು ನಾನು ಒಪ್ಪಲಾರೆ. ಹವಾಲ್ದಾರ್ ದರ್ಜೆಯವರಿಗೆ ಸರ್ಕಾರವೇ ಕೊಟ್ಟ 1935ರ ಮಾದರಿಯ ಕತ್ತಿ ಯಂತ್ರದಲ್ಲೇ ಆದದ್ದು ನಿಜ, ಅಲಗಿನ ಮೇಲೆ ಕ್ರಮಸಂಖ್ಯೆಯೂ ಇರುತ್ತದೆ. ಆದರೆ ಅಧಿಕಾರಿಗಳು ಕತ್ತಿಯನ್ನು ತಾವೇ ಹೊಂದಿಸಿಕೊಳ್ಳಬೇಕಿತ್ತು. ಕೆಲವರು ಮನೆತನದ ಹಳೆಯ ಅಲಗಿಗೇ ಸೈನ್ಯದ ಹಿಡಿ, ಒರೆ ಹಾಕಿಸಿಕೊಂಡು ಹೊರಟರು. ಹೊರಗಿನ ಉಡುಪು 1940ರದ್ದು, ಒಳಗಿನ ಉಕ್ಕು ಎಡೊ ಕಾಲದ್ದು (1603–1868)!

ಗೊತ್ತಾಗುವುದು ಹಿಡಿಯ ಬಿದಿರಿನ ಮೊಳೆ ತೆಗೆದಾಗ. ಹಿಡಿಯೊಳಗೆ ಅಡಗಿರುವ ಅಲಗಿನ ಬುಡಕ್ಕೆ ನಾಕಾಗೊ ಎನ್ನುತ್ತಾರೆ. ಕಮ್ಮಾರ ಸಹಿ ಹಾಕಿದ್ದರೆ ಅದು ಅಲ್ಲೇ ಇರುತ್ತದೆ, ಶತಮಾನಗಳ ಕಪ್ಪು ತುಕ್ಕೂ ಅಲ್ಲೇ. ಆ ತುಕ್ಕಿನ ಬಣ್ಣ ನೋಡಿಯೇ ಬಲ್ಲವರು ವಯಸ್ಸು ಅಂದಾಜು ಮಾಡುವುದು. ಅದನ್ನು ಉಪ್ಪುಕಾಗದದಿಂದ ಉಜ್ಜಿ ಫಳಫಳ ಮಾಡಿದ ಕತ್ತಿಯ ಫೋಟೊ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೋದ ತುಕ್ಕು ಮರಳಿ ಬಾರದು.

ಜಪಾನ್ ಯುದ್ಧದಲ್ಲಿ ಸೋತ ಮೇಲೆ, 1945ರ ಡಿಸೆಂಬರಿನಲ್ಲಿ ಟೋಕ್ಯೋದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿದ, ಹಿಂದೆ ಜಪಾನನ್ನು ಆಳಿದ ತೊಕುಗಾವ ಮನೆತನದ ಹೆಸರಾಂತ ಕತ್ತಿ ಹೊಂಜೊ ಮಾಸಾಮುನೆ ಇವತ್ತಿಗೂ ಪತ್ತೆಯಿಲ್ಲ. ಆಗ ಗೆದ್ದ ಕಡೆಯ ಸೈನಿಕರು ನೆನಪಿಗೆಂದು ಒಯ್ದ ಕತ್ತಿಗಳು ಯಾರ್ಯಾರದೋ ಅಟ್ಟದ ಮೇಲಿವೆ. ನಿಮ್ಮ ಕೈಗೆ ಅಂಥದ್ದೊಂದು ಬಂದರೆ ಮೊದಲು ನಾಕಾಗೊದ ಚಿತ್ರ ತೆಗೆದು ತಿಳಿದವರಿಗೆ ತೋರಿಸಿ.